ರಸ್ತೆಯುಬ್ಬಿಗೆ ಹೆದರಿ ಕಾರು ಎತ್ತರಿಸುವ ಮುನ್ನ

ಬೆಂಗಳೂರಿನಲ್ಲಿ ಕಾರಿನ ತಳ ರಸ್ತೆಯುಬ್ಬಿಗೆ ನಾಲ್ಕು ಸಲ ಉಜ್ಜಿದರೆ ಸಾಕು, ಮಾಲೀಕರ ಮನಸ್ಸು ಬಿಡಿಭಾಗಗಳ ಅಂಗಡಿಯತ್ತ ಹೊರಳುತ್ತದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ತುಂಡು ಸೇರಿಸಿದರೆ ಕಾರು ಕೊಂಚ ಮೇಲೇಳುತ್ತದೆ, ಖರ್ಚೂ ಕಡಿಮೆ. ಈ ಅಗ್ಗದ ಪರಿಹಾರವನ್ನು ನಾನು ಒಪ್ಪಲಾರೆ. ಸ್ಪ್ರಿಂಗ್ ಹೊರುವುದು ಭಾರವನ್ನು. ಅದರ ಕುಣಿತವನ್ನು ಹತೋಟಿಯಲ್ಲಿಡುವುದು ಶಾಕ್ ಅಬ್ಸಾರ್ಬರ್. ಒಂದನ್ನು ಬಿಗಿಗೊಳಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟರೆ ಎರಡರ ಹೊಂದಾಣಿಕೆ ತಪ್ಪಿ, ಹದಗೆಟ್ಟ ರಸ್ತೆಯಲ್ಲಿ ಚಕ್ರ ಪುಟಿದು ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಎದುರಿಗೆ ಮಗುವೊಂದು ಓಡಿಬಂದರೆ ಆ ಹಿಡಿತವೇ ಸರ್ವಸ್ವ. ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ ವಾಲುವಿಕೆಯೂ ಹೆಚ್ಚು. (ಶೋಕಿಗಾಗಿ ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವವರಿಗೆ ನಮ್ಮ ರಸ್ತೆಗಳೇ ಬುದ್ಧಿ ಹೇಳುತ್ತವೆ.)

ಹಳೆಯ ಕಾರು ಕುಸಿದಿದ್ದರೆ ಮೊದಲು ನೋಡಬೇಕಾದದ್ದು ಸವೆದ ಬುಷ್, ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್, ದಣಿದ ಸ್ಪ್ರಿಂಗ್. ತಯಾರಕರ ಅಳತೆಯವನ್ನೇ ಎಡಬಲ ಜೋಡಿಯಾಗಿ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿದರೆ ಬಹುಪಾಲು ತೊಂದರೆ ನೀಗುತ್ತದೆ.

ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿನ್ಯಾಸಕ್ಕೆ ಭಿನ್ನವಾಗುವಂಥ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಸರಿಯೇ. ಆದರೆ ಕಾರಿಗೊಂದು ಅಳತೆ ಇರುವಂತೆ ಉಬ್ಬಿಗೂ ಉಂಟು. ಸಾಮಾನ್ಯ ಸಂಚಾರದ ಉಬ್ಬಿಗೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವೆಂದು ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಸೂಚಿಸಿತ್ತು. ನಮ್ಮ ಬೀದಿಗಳಲ್ಲಿ ಕಾಣುವುದು ರಾತ್ರೋರಾತ್ರಿ ಸುರಿದ ಡಾಂಬರಿನ ಕಡಿದಾದ ದಿಬ್ಬ. ಅದನ್ನು ಟೇಪು ಹಿಡಿದು ಅಳೆದು, ಲೆಕ್ಕವನ್ನು ನಗರಪಾಲಿಕೆಯ ಎಂಜಿನಿಯರರಿಗೆ ಬರೆದುಕೊಡುವವನಿದ್ದೇನೆ. ನೀವೂ ನಿಮ್ಮ ಬೀದಿಯದನ್ನು ಅಳೆಯಿರಿ.