ತೊಳೆಯುವ ಕೆಲಸ ಯಾರದ್ದು?

ಫಿಲ್ಮನ್ನು 'ಡೆವಲಪ್' ಮಾಡಿಸುವುದಕ್ಕೆ ನಮ್ಮ ಕಡೆಯ ಮಾತು 'ತೊಳೆಸುವುದು'. 'ರೀಲು ತೊಳೆಯಲು ಕೊಟ್ಟಿದ್ದೇನೆ' ಎನ್ನುತ್ತಿದ್ದೆವು. ಅಕ್ಕಿ ತೊಳೆಯುವವರು ನಾವು, ಪಾತ್ರೆ ತೊಳೆಯುವವರು ನಾವು. ಮಗುವಿನ ಬಟ್ಟೆ, ದೇವರ ದೀಪ, ಹಬ್ಬಕ್ಕೆ ಇಡೀ ಮನೆ, ಎಲ್ಲವನ್ನೂ ತೊಳೆಯುವವರು ನಾವೇ. ಇಷ್ಟೆಲ್ಲ ತೊಳೆಯುವ ಕೆಲಸಗಳ ನಡುವೆ ಇದೊಂದು ಮಾತ್ರ ಅದು ಹೇಗೆ ಗಂಡಸರ ವಿದ್ಯೆಯಾಯಿತು, ನೀವೇ ಹೇಳಿ?

ನಾನು ಮನೆಯಲ್ಲಿ ಕಪ್ಪು-ಬಿಳುಪು ಫಿಲ್ಮ್ ತೊಳೆಯುತ್ತೇನೆ ಎಂದರೆ ಜನ ಎರಡು ಬಗೆಯಲ್ಲಿ ನಗುತ್ತಾರೆ. 'ಮೊಬೈಲ್ ಇರುವಾಗ ಇದೇನು ಹುಚ್ಚು' ಎಂಬುದು ಒಂದು. 'ಕೆಮಿಕಲ್ಲು, ಕತ್ತಲೆಕೋಣೆ, ಉಷ್ಣತೆಯ ಲೆಕ್ಕ, ಹೆಂಗಸರಿಗೆ ಯಾಕಮ್ಮ' ಎಂಬುದು ಇನ್ನೊಂದು. ಎರಡನೆಯದಕ್ಕೇ ಮೊದಲು ಉತ್ತರ ಹೇಳುತ್ತೇನೆ.

ಈ ಮಾತಿಗೆ ಹಳೆಯ ಬೇರಿದೆ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮೆರಾ ತಂದ. ನೂರು ಚಿತ್ರ ತೆಗೆದು ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿಬಿಡಬೇಕು. ಗುಂಡಿ ಒತ್ತುವುದಷ್ಟೇ ನಿಮ್ಮ ಕೆಲಸ, ಮಿಕ್ಕದ್ದು ನಮ್ಮದು ಎಂಬುದು ಜಾಹೀರಾತು. ಸ್ವಲ್ಪ ಕಾಲದಲ್ಲೇ 'ಕೊಡಕ್ ಹುಡುಗಿ' ಎಂಬ ಚೆಲುವೆ ಕ್ಯಾಮೆರಾ ಹಿಡಿದು ಜಾಹೀರಾತುಗಳಲ್ಲಿ ನಿಂತಳು. ಗುಂಡಿ ಹೆಣ್ಣಿನ ಕೈಗೆ ಬಂತು, 'ಮಿಕ್ಕದ್ದು' ಬರಲಿಲ್ಲ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಅವರನ್ನು ನೋಡಿ. 1913ರಲ್ಲಿ ಹುಟ್ಟಿದವರು. ಅವರ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ಪದ್ಮವಿಭೂಷಣ ಅವರ ಮನೆ ಬಾಗಿಲಿಗೆ ಬಂದದ್ದು 2011ರಲ್ಲಿ, ತೊಂಬತ್ತು ದಾಟಿದ ಮೇಲೆ.

ಹಾಗಾದರೆ ಆ 'ಮಿಕ್ಕದ್ದು' ಅಷ್ಟು ಕಷ್ಟದ್ದೇ? ನಾನು ಬಳಸುವುದು ಇಲ್ಫರ್ಡ್ ಕಂಪನಿಯ ಪ್ಯಾನ್ ಎಫ್ ಪ್ಲಸ್. ಐ.ಎಸ್.ಒ. 50, ಅಂದರೆ ನಿಧಾನದ ಫಿಲ್ಮು. ಅದರ ಬೆಳ್ಳಿ ಲವಣದ ಹರಳುಗಳು ಸಣ್ಣವು. ಆದ್ದರಿಂದ ಬೆಳಕು ಹೆಚ್ಚು ಬೇಕು, ಚಿತ್ರ ಮಾತ್ರ ನಯವಾಗಿ ಬರುತ್ತದೆ. ವೇಗದ ಫಿಲ್ಮಿಗೂ ಇದಕ್ಕೂ ಉಪ್ಪಿಟ್ಟಿನ ರವೆಗೂ ಚಿರೋಟಿ ರವೆಗೂ ಇರುವಷ್ಟು ವ್ಯತ್ಯಾಸ. ನಮ್ಮ ಅಂಗಳದ ಬಿಸಿಲಿಗೆ ಹೇಳಿ ಮಾಡಿಸಿದಂತಿದೆ.

ಡೆವಲಪರ್‌ಗಳಲ್ಲಿ ಹೆಸರಾದದ್ದು ಡಿ-76. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಬೋರಾಕ್ಸ್ 2 ಗ್ರಾಂ. ಬಿಸಿಬೇಳೆಬಾತಿನ ಪುಡಿಗೆ ಇದರ ಎರಡರಷ್ಟು ಸಾಮಾನು ಬೇಕು! ನಾನಂತೂ ಇದಕ್ಕೆ ತಮ್ಮನಂತಿರುವ ಐಡಿ-11ರ ಸಿದ್ಧ ಪುಡಿಯನ್ನೇ ಕದಡಿಕೊಳ್ಳುತ್ತೇನೆ. ಅದಕ್ಕೆ ಸಮ ನೀರು ಬೆರೆಸಿ, 20 ಡಿಗ್ರಿಯಲ್ಲಿಟ್ಟರೆ ಎಂಟೂವರೆ ನಿಮಿಷ. ಬೇಸಿಗೆಯಲ್ಲಿ ಟ್ಯಾಂಕನ್ನು ಐಸ್ ಹಾಕಿದ ಬೇಸಿನ್ನಿನಲ್ಲಿ ನಿಲ್ಲಿಸಬೇಕು. ಹೆಪ್ಪು ಹಾಕುವ ಹಾಲಿನ ಬಿಸಿಯನ್ನು ಬೆರಳ ತುದಿಯಲ್ಲಿ ಅಳೆಯುವವಳಿಗೆ, ಒಂದೆಳೆ ಪಾಕ ಎರಡೆಳೆಯಾಗುವ ಗಳಿಗೆಯನ್ನು ಹಿಡಿಯುವವಳಿಗೆ, ಒಂದು ಥರ್ಮಾಮೀಟರ್ ನೋಡಲು ಬಾರದೇ?

ಕತ್ತಲೆಕೋಣೆಯ ಮಾತಂತೂ ಬರೀ ಗುಮ್ಮ. ಸಿನಿಮಾದಲ್ಲಿ ತೋರಿಸುವ ಕೆಂಪು ದೀಪ ಪ್ರಿಂಟು ಹಾಕುವ ಕಾಗದಕ್ಕೆ ಸರಿ, ಈ ಫಿಲ್ಮಿಗೆ ಅದೂ ಆಗದು. ಪೂರ್ತಿ ಕತ್ತಲೆಯೇ ಬೇಕು. ಆದರೆ ಎಷ್ಟು ಹೊತ್ತು? ಫಿಲ್ಮನ್ನು ಸುರುಳಿಗೆ ಸುತ್ತಿ ಟ್ಯಾಂಕಿನ ಮುಚ್ಚಳ ಹಾಕುವವರೆಗೆ ಮಾತ್ರ. ಅದಕ್ಕೆ ಕೈ ತೂರಿಸುವ ಕಪ್ಪು ಚೀಲ ಸಾಕು. ಆಮೇಲೆಲ್ಲ ಹಗಲ ಬೆಳಕಿನಲ್ಲೇ: ಡೆವಲಪರ್, ಸ್ಟಾಪ್ ಬಾತ್, ಹೈಪೊ, ನೀರು. ಪಾತ್ರೆ, ಚಮಚ ಇದಕ್ಕೇ ಬೇರೆ ಇರಲಿ, ಅಡಿಗೆಯವು ಖಂಡಿತ ಬೇಡ. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗದು, ಕೈಗವಸು ಹಾಕಿಕೊಳ್ಳಿ. ಬಳಸಿದ ಹೈಪೊದಲ್ಲಿ ಬೆಳ್ಳಿ ಇರುತ್ತದೆ, ಗಿಡದ ಬುಡಕ್ಕೆ ಸುರಿಯಬೇಡಿ. ಇಷ್ಟು ಎಚ್ಚರ ನಮಗೆ ಹೊಸದಲ್ಲ. ಮನೆಯಲ್ಲಿ ಫಿನಾಯಿಲು, ಆಸಿಡ್ಡು ಕಾಯುವವರು ನಾವೇ ತಾನೆ?

'ನೀರು ಪೋಲು' ಎನ್ನುವವರಿದ್ದಾರೆ. ಇಲ್ಫರ್ಡ್‌ನವರೇ ಹೇಳುವ ಕ್ರಮವಿದೆ: ಟ್ಯಾಂಕಿಗೆ ನೀರು ತುಂಬಿ ಐದು ಸಲ ಮೇಲೆ ಕೆಳಗೆ ಮಾಡಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೆ ಇಪ್ಪತ್ತು ಸಲ. ಸಣ್ಣ ಟ್ಯಾಂಕಿಗೆ ಮೂರು ಸಲಕ್ಕೂ ಸೇರಿ ಒಂದು ಲೀಟರು ಸಾಕು. ಸ್ಕೂಟರ್ ತೊಳೆಯುವವರು ನಮಗೆ ನೀರಿನ ಪಾಠ ಹೇಳಬೇಕಾಗಿಲ್ಲ.

ಈಗ ಮೊಬೈಲಿನ ಮಾತು. ಮೊಬೈಲನ್ನು ನಾನು ಬೈಯುವುದಿಲ್ಲ, ನನ್ನ ಕೈಯಲ್ಲೂ ಇದೆ. ಆದರೆ ಅದರಲ್ಲಿ ತೆಗೆದ ಚಿತ್ರ ಯಾರದು? ಸಂಜೆಯೊಳಗೆ ಇಡೀ ಬಳಗದ ಗುಂಪಿಗೆ ಹೋಗಿರುತ್ತದೆ. ಹಿಂದೆಯಾದರೂ ಏನು? ನಮ್ಮೂರಿನ ಸ್ಟುಡಿಯೋದವರು ನೆಗೆಟಿವ್ ಕೊಡುತ್ತಲೇ ಇರಲಿಲ್ಲ. ಅಂಗಡಿ ಮುಚ್ಚಿದ ದಿನ ಊರಿನ ಅರ್ಧ ಮದುವೆಗಳು ಗುಜರಿಗೆ ಹೋದವು.

ಅಮ್ಮನಿಗೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ತಲೆಗೂದಲು ಪೂರಾ ಉದುರಿತ್ತು. 'ಹೀಗೇ ಇರುವಂತೆ ಒಂದು ಫೋಟೋ ತೆಗಿ. ಆದರೆ ಯಾವ ಅಂಗಡಿಯವನೂ ನೋಡಕೂಡದು, ಯಾರ ಮೊಬೈಲಿಗೂ ಹೋಗಕೂಡದು' ಎಂದಳು. ಜಗಲಿಯ ಬೆಳಕಿನಲ್ಲಿ ತೆಗೆದೆ, ಅಂದೇ ತೊಳೆದೆ. ಒಣಗಿದ ಫಿಲ್ಮನ್ನು ಅವಳು ಕಿಟಕಿಗೆ ಹಿಡಿದು ನೋಡಿದಳು. ನೆಗೆಟಿವ್‌ನಲ್ಲಿ ಬೆಳಕು ಕಪ್ಪಾಗುತ್ತದಲ್ಲ, ಬೋಳುತಲೆ ಕಪ್ಪಗೆ ಬಂದಿತ್ತು. 'ಕೂದಲು ಬಂತಲ್ಲೇ!' ಎಂದು ನಕ್ಕಳು. ಆ ಚಿತ್ರವನ್ನು ನೋಡಿದವರು ಲೋಕದಲ್ಲಿ ನಾವಿಬ್ಬರೇ. ಇಂಥ ಗುಟ್ಟನ್ನು ಕಾಯುವ ಹಕ್ಕು ಒಬ್ಬ ಹೆಂಗಸಿಗೆ ಬೇಡವೇ? ಇದನ್ನು ಹುಚ್ಚು ಎನ್ನುವವರು ಅನ್ನಲಿ.

ಫಿಲ್ಮು ದುಬಾರಿ, ನಿಜ. ನಾನು ತೊಳೆಯುವುದು ವರ್ಷಕ್ಕೆ ಮೂರೋ ನಾಲ್ಕೋ ರೋಲು. ಹಬ್ಬದ ಸೀರೆಗೆ ಲೆಕ್ಕ ಕೇಳದವರು ಇದಕ್ಕೇಕೆ ಕೇಳಬೇಕು? ಬಾಗಿಲು ಹಾಕಿಕೊಂಡರೆ 'ಒಳಗೇನು ಮಾಡುತ್ತಿದ್ದಾಳೆ' ಎಂಬ ಪ್ರಶ್ನೆಗೆ ಮಾತ್ರ ನನ್ನಲ್ಲಿ ಒಂದೇ ಉತ್ತರ: ತೊಳೆಯುತ್ತಿದ್ದೇನೆ.

ಕೊನೆಗೊಂದು ಮಾತು. ಈ ಫಿಲ್ಮು ನಿಧಾನದ್ದು ನಿಜ, ಆದರೆ ಕಾಯುವಂಥದ್ದಲ್ಲ. ಮೂಡಿದ ಚಿತ್ರ ತೊಳೆಯದೆ ಇಟ್ಟರೆ ಒಳಗೊಳಗೇ ಮಾಸುತ್ತದೆ. ಮೂರು ತಿಂಗಳೊಳಗೆ ತೊಳೆದುಬಿಡಿ ಎಂದು ಅದನ್ನು ಮಾಡುವವರೇ ಹೇಳುತ್ತಾರೆ. ಮಕ್ಕಳ ಪರೀಕ್ಷೆ ಮುಗಿಯಲಿ, ಅತ್ತೆಯ ಶ್ರಾದ್ಧ ಕಳೆಯಲಿ ಎಂದು ಮುಂದಕ್ಕೆ ಹಾಕುವುದು ನಮಗೆ ರೂಢಿಯಾಗಿದೆ. ಅಪ್ಪನದೋ ಅಣ್ಣನದೋ ಹಳೆಯ ಕ್ಯಾಮೆರಾ ನಿಮ್ಮ ಬೀರುವಿನಲ್ಲೂ ಇದ್ದೀತು. ಈ ಭಾನುವಾರ ಅದನ್ನು ತೆಗೆದು ಒರೆಸಿ ನೋಡಿ.