ಯೂರೋ ಸಂಬಳಕ್ಕೆ ಯೂರೋ ಖರ್ಚೂ ಉಂಟು



ಹಿಂದೆ ನಮ್ಮ ಲೈನುಗಳಿಂದ ಹೊರಡುವ ಹುಡುಗರು ಕೊಯಮತ್ತೂರಿಗೋ ತಿರುಪ್ಪೂರಿಗೋ ಬೆಂಗಳೂರಿಗೋ ಹೊರಡುತ್ತಿದ್ದರು. ಆಮೇಲೆ ಕೊಲ್ಲಿ ದೇಶಗಳ ಮಾತು ಬಂತು. ಈಗ ಚಹಾ ಅಂಗಡಿಯ ಬೆಂಚಿನ ಮೇಲೆ ಹೊಸದೊಂದು ಹೆಸರು ಕೇಳಿಬರುತ್ತಿದೆ: ಮಾಲ್ಟಾ. ಪೌಲನ ಹಡಗು ಒಡೆದು ಅವನು ದಡ ಸೇರಿದ ಮೆಲಿತೆ ದ್ವೀಪ ಇದೇ ಎಂದರೆ ನಮ್ಮ ಹಿರಿಯರಿಗೆ ಕೂಡಲೇ ಗುರುತು ಸಿಗುತ್ತದೆ. ಕಿರಿಯರಿಗೆ ಗುರುತು ಸಿಗುವುದು ಬೇರೆ ಕಾರಣಕ್ಕೆ. ಅಲ್ಲಿ ಸಂಬಳ ಯೂರೋದಲ್ಲಿ.

ಈಚೆಗೆ ಒಬ್ಬ ತಾಯಿ ಮಗನ ಕೆಲಸದ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಕಾಗದದ ಅಂಚಿನಲ್ಲಿ ಏಜೆಂಟನು ಪೆನ್ಸಿಲಿನಲ್ಲಿ ಒಂದು ಗುಣಾಕಾರ ಮಾಡಿಕೊಟ್ಟಿದ್ದ. ತಿಂಗಳಿಗೆ 961 ಯೂರೋ, ಯೂರೋಗೆ 100 ರೂಪಾಯಿ, ಒಟ್ಟು 96,100 ರೂಪಾಯಿ. ಅದಕ್ಕಾಗಿ ಅವನು ಕೇಳಿದ್ದು 5 ಲಕ್ಷ ರೂಪಾಯಿ. "ಆರೇಳು ತಿಂಗಳಲ್ಲಿ ಸಾಲ ತೀರಿಹೋಗುತ್ತದಲ್ಲ?" ಎಂದು ಆ ತಾಯಿ ಕೇಳಿದರು.

ಏಜೆಂಟನ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಅದು ಅರ್ಧ ಲೆಕ್ಕ. ಸಂಬಳವನ್ನು ನೂರರಿಂದ ಗುಣಿಸಿದವನು ಬಾಡಿಗೆಯನ್ನೂ ಅಕ್ಕಿಯನ್ನೂ ನೀರಿನ ಬಾಟಲಿಯನ್ನೂ ನೂರರಿಂದ ಗುಣಿಸಬೇಕು. ಅದನ್ನು ಅವನು ಮಾಡಲಿಲ್ಲ. ಆ ಉಳಿದ ಅರ್ಧ ಲೆಕ್ಕವನ್ನು ನಾವೇ ಮಾಡಿ ನೋಡೋಣ.

ಮೊದಲು ಆ ನಾಡು ಎಂಥದೆಂದು ತಿಳಿಯಬೇಕು. ಮಾಲ್ಟಾ ಇಟಲಿಯ ಸಿಸಿಲಿಗೆ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ದೇಶ. ಇಡೀ ದೇಶದ ವಿಸ್ತಾರ 316 ಚದರ ಕಿಲೋಮೀಟರು, ನಮ್ಮ ನೀಲಗಿರಿ ಜಿಲ್ಲೆಯ ಎಂಟನೇ ಒಂದು ಪಾಲು. ಅಷ್ಟರಲ್ಲಿ 2021ರ ಜನಗಣತಿಯಂತೆ 5,19,562 ಜನ ವಾಸವಾಗಿದ್ದರು. ಅವರಲ್ಲಿ ಐವರಿಗೆ ಒಬ್ಬರಿಗಿಂತ ಹೆಚ್ಚು ಮಂದಿ ಪರದೇಶದವರು. ಆ ಪರದೇಶದವರಲ್ಲಿ ಭಾರತೀಯರ ಗುಂಪು ದೊಡ್ಡ ಗುಂಪುಗಳಲ್ಲೊಂದು. ಆಸ್ಪತ್ರೆ, ವೃದ್ಧಾಶ್ರಮ, ಹೋಟೆಲು, ಬಸ್ಸು, ಊಟ ತಲುಪಿಸುವ ಬೈಕು, ಎಲ್ಲೆಲ್ಲೂ ಕೇರಳದ ಮಕ್ಕಳು ಕಾಣುತ್ತಾರೆ. ನದಿಯಿಲ್ಲದ ನಾಡು ಅದು. ಸಮುದ್ರದ ನೀರಿನ ಉಪ್ಪು ತೆಗೆದು ನಲ್ಲಿಗೆ ಬಿಡುತ್ತಾರೆ. ಆ ನೀರು ಬಾಯಿಗೆ ಒಗ್ಗದೆ ಹೆಚ್ಚಿನವರು ಕುಡಿಯುವ ನೀರನ್ನು ಕೊಂಡು ತರುತ್ತಾರೆ. ತಿನ್ನುವ ಪದಾರ್ಥದ ಬಹುಪಾಲು ಹಡಗಿನಲ್ಲಿ ಬರಬೇಕು. ಇಷ್ಟು ಕಿರಿದಾದ ಜಾಗಕ್ಕೆ ಇಷ್ಟು ಜನ ಬಂದರೆ ಯಾವುದಕ್ಕೆ ಬೆಲೆ ಏರುತ್ತದೆ? ನೆತ್ತಿಯ ಮೇಲಿನ ಸೂರಿಗೆ.

ಈಗ ಲೆಕ್ಕಕ್ಕೆ ಬರೋಣ. 2025ರಲ್ಲಿ ಮಾಲ್ಟಾದ ಕನಿಷ್ಠ ಸಂಬಳ 40 ಗಂಟೆಯ ವಾರಕ್ಕೆ 221.78 ಯೂರೋ ಇತ್ತು. ತಿಂಗಳಿಗೆ ತಿರುಗಿಸಿದರೆ ಅದೇ ಏಜೆಂಟನ 961. ಇದರಲ್ಲಿ ಹತ್ತನೇ ಒಂದು ಪಾಲು ಸಾಮಾಜಿಕ ಭದ್ರತೆಗೆ ಕಡಿತ. ಇದು ನಷ್ಟವಲ್ಲ, ಕಾಯಿಲೆಯ ಕಾಲಕ್ಕೆ ಅದರಿಂದಲೇ ಆಸರೆ. ಆದರೂ ಕೈಗೆ ಬರುವುದು ಸುಮಾರು 865 ಯೂರೋ. ಆದಾಯ ತೆರಿಗೆಯನ್ನು ಸದ್ಯ ಬಿಟ್ಟುಬಿಡೋಣ.

ಬಾಡಿಗೆ: ಒಂದು ಮಲಗುವ ಕೋಣೆಯ ಸಣ್ಣ ಮನೆಗೆ ಸಾಮಾನ್ಯವಾಗಿ 700ರಿಂದ 1,000 ಯೂರೋ ಕೇಳುತ್ತಾರೆ. ಸ್ಲೀಮಾ, ಸೇಂಟ್ ಜೂಲಿಯನ್ಸ್ ಕಡೆ ಇನ್ನೂ ಹೆಚ್ಚು. ದಕ್ಷಿಣದ ಊರುಗಳಲ್ಲೂ ಪಕ್ಕದ ಗೋಜೋ ದ್ವೀಪದಲ್ಲೂ ಸ್ವಲ್ಪ ಕಡಮೆ. ಅಂದರೆ ಕನಿಷ್ಠ ಸಂಬಳದವನು ಒಂಟಿಯಾಗಿ ಮನೆ ಹಿಡಿಯಲಾರ. ಒಂದು ಕೋಣೆಯಲ್ಲಿ ಇಬ್ಬರು ಮೂವರು ಮಂಚ ಹಂಚಿಕೊಂಡರೆ ತಲೆಗೆ 250 ಯೂರೋ ಎಂದು ಹಿಡಿಯೋಣ. ಬಂದ ಮೊದಲ ದಿನವೇ ಒಂದು ತಿಂಗಳ ಮುಂಗಡವನ್ನೂ ಇಡಬೇಕಾಗುತ್ತದೆ. ಊಟಕ್ಕೆ, ತಾನೇ ಬೇಯಿಸಿಕೊಂಡರೆ, 180. ವಿದ್ಯುತ್ತು ನೀರಿನ ಪಾಲು 40. ಫೋನು ಮತ್ತು ಚಿಲ್ಲರೆ ಖರ್ಚು 30. ಬಸ್ಸಿಗೆ ಮಾತ್ರ ಖರ್ಚಿಲ್ಲ. 2022ರ ಅಕ್ಟೋಬರಿನಿಂದ ಅಲ್ಲಿನ ನಿವಾಸಿಗಳಿಗೆ ಸ್ವಂತ ಹೆಸರಿನ ತಲ್ಲಿಂಜಾ ಕಾರ್ಡಿದ್ದರೆ ಬಸ್ ಪ್ರಯಾಣ ಉಚಿತ. ಎಲ್ಲ ಕೂಡಿ 500 ಯೂರೋ ಆಯಿತು. ಉಳಿದದ್ದು 365. ರೂಪಾಯಿಗೆ ತಿರುಗಿಸಿದರೆ 36,500.

ಇದು ಕಡಮೆ ಹಣವೆಂದು ನಾನು ಹೇಳುವುದಿಲ್ಲ. ಎಲೆ ಕಿತ್ತು ಬದುಕುವವರಿಗೆ ಇದು ಕಡಮೆಯಲ್ಲ. ಆದರೆ ಇದು 96,100 ಅಲ್ಲ. ಜ್ವರ ಬರದೆ, ಬಟ್ಟೆ ಕೊಳ್ಳದೆ, ಊರಿಗೆ ಬರುವ ವಿಮಾನದ ಟಿಕೇಟಿಗೆ ಕೂಡಿಡದೆ ಉಳಿಯುವ ಹಣವಿದು.

ಇನ್ನು ಆ 5 ಲಕ್ಷ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯೆಂದರೆ ಮೊದಲ ತಿಂಗಳೇ 10,000 ರೂಪಾಯಿ ಬಡ್ಡಿಗೆ ಹೋಯಿತು. ಉಳಿಸಿದ ಅಷ್ಟನ್ನೂ ಸಾಲಕ್ಕೇ ಕಟ್ಟಿದರೆ ಸಾಲ ತೀರಲು ಸುಮಾರು 16 ತಿಂಗಳು ಬೇಕು. ಆ 16 ತಿಂಗಳು ಮನೆಗೆ ಒಂದು ಕಾಸೂ ಬಾರದು. ಮನೆಗೆ ತಿಂಗಳಿಗೆ 15,000 ಕಳುಹಿಸಿದರೆ ಸಾಲ ತೀರಲು ಎರಡೂವರೆ ವರ್ಷದ ಮೇಲಾಗುತ್ತದೆ. ಆ ತಾಯಿಗೆ ಈ ಲೆಕ್ಕ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಮಧ್ಯದಲ್ಲಿ ಕೆಲಸ ಹೋದರೆ?" ನಾವೆಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಅಲ್ಲಿನ ಅನುಮತಿ ಪತ್ರ ಒಬ್ಬ ಯಜಮಾನನ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಿಗುವ ಕಾಲ ದಿನಗಳ ಲೆಕ್ಕದ್ದು, ವರ್ಷದ ಲೆಕ್ಕದ್ದಲ್ಲ. ಸಾಲಕ್ಕೆ ಅಂಥ ಗಡುವಿಲ್ಲ.

ನಾವು ತೋಟದವರು ಈ ಲೆಕ್ಕದಲ್ಲಿ ಬೇರೆಯವರಿಗಿಂತ ಸುಲಭವಾಗಿ ಎಡವುತ್ತೇವೆ. ಅದಕ್ಕೊಂದು ಕಾರಣವಿದೆ. ನಮ್ಮ ಬದುಕಿನಲ್ಲಿ ಬಾಡಿಗೆ ಎಂಬ ಮಾತೇ ಇಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯ ಕಾಲದಿಂದ ಮನೆ, ಕುಡಿಯುವ ನೀರು, ಔಷಧ, ಶಿಶುಗೃಹ ಇವು ತೋಟದ ಹೊಣೆಯಾಗಿ ಬಂದಿವೆ. ಮಾಡು ಸೋರಲಿ, ಗೋಡೆ ಬಿರಿಯಲಿ, ಲೈನಿನ ಮನೆಗೆ ತಿಂಗಳ ಕೊನೆಗೆ ಯಾರೂ ಕೈ ಚಾಚುವುದಿಲ್ಲ. ಆದುದರಿಂದ ನಾವು ಸಂಬಳವೆಂದರೆ ಕೈಗೆ ಬಂದ ನಗದು ಎಂದೇ ತಿಳಿದಿದ್ದೇವೆ. ನಮ್ಮ ಸಂಬಳದ ಒಂದು ಭಾಗ ಕಲ್ಲು ತಗಡಿನ ರೂಪದಲ್ಲಿ ನೆತ್ತಿಯ ಮೇಲೆ ನಿಂತಿದೆಯೆಂಬುದು ಅದನ್ನು ಬಿಟ್ಟು ಹೋದ ದಿನವೇ ತಿಳಿಯುವುದು. ಗಂಡನೂ ಹೆಂಡತಿಯೂ ಹೆಸರು ಕಡಿಸಿಕೊಂಡು ಹೊರಟರೆ ಆ ಮನೆಯೂ ಹೋಯಿತು. ವಯಸ್ಸಾದ ತಂದೆತಾಯಿ ಎಲ್ಲಿ ಮಲಗುವರು? ಈ ಖರ್ಚನ್ನು ಯಾವ ಏಜೆಂಟನೂ ಬರೆಯುವುದಿಲ್ಲ.

"ಸಂಸಾರವನ್ನೇ ಕರೆಸಿಕೊಳ್ಳುತ್ತೇನೆ" ಎನ್ನುವವರೂ ಇದ್ದಾರೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಆ ದೇಶದ ಸರಾಸರಿ ಸಂಬಳದ ಮಟ್ಟದ ಆದಾಯವನ್ನೂ, ತಲೆಗಿಷ್ಟೆಂದು ಅದರ ಮೇಲೆ ಇನ್ನಷ್ಟನ್ನೂ ತೋರಿಸಬೇಕು. ಕನಿಷ್ಠ ಸಂಬಳದವನಿಗೆ ಆ ಬಾಗಿಲು ತೆರೆಯದು.

ಹಾಗಾದರೆ ಹೋಗಬೇಡಿರೆನ್ನುತ್ತೇನೆಯೇ? ಇಲ್ಲ. ಎರಡನೆಯ ಮಹಾಯುದ್ಧದ ಬಳಿಕ ಮಾಲ್ಟಾದ ಜನರೇ ಹೊಟ್ಟೆಪಾಡಿಗಾಗಿ ಸಾವಿರ ಸಾವಿರವಾಗಿ ಆಸ್ಟ್ರೇಲಿಯಕ್ಕೂ ಕೆನಡಕ್ಕೂ ಹಡಗು ಹತ್ತಿದರು. ನಮ್ಮ ಅಜ್ಜಂದಿರೂ ಬಯಲುಸೀಮೆಯಿಂದ ಮೇಸ್ತ್ರಿಯ ಮುಂಗಡ ಪಡೆದು ಈ ಬೆಟ್ಟ ಹತ್ತಿದವರೇ. ಹೋಗುವುದು ತಪ್ಪಲ್ಲ. ಆ ಮುಂಗಡ ಅವರನ್ನು ಎಷ್ಟು ವರ್ಷ ಕಟ್ಟಿಹಾಕಿತ್ತೆಂಬುದನ್ನು ಮರೆಯುವುದು ತಪ್ಪು.

ಆದುದರಿಂದ ಹಣ ಎಣಿಸುವ ಮೊದಲು ಕೆಲವು ಮಾತುಗಳನ್ನು ವಿಚಾರಿಸಿರಿ. ಏಜೆಂಟನಿಗೆ ಭಾರತ ಸರ್ಕಾರದ ಪರವಾನಗಿ ಇದೆಯೇ? 1983ರ ವಲಸೆ ಕಾಯಿದೆಯಡಿ ಬಂದ ನಿಯಮದಂತೆ ನೋಂದಾಯಿತ ಏಜೆಂಟನು ಸೇವೆಗೆಂದು ಪಡೆಯಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂದು ಮಿತಿ ಗೊತ್ತುಮಾಡಿದೆ. 5 ಲಕ್ಷ ಯಾವ ಬಾಬ್ತಿನದೆಂದು ಬರೆದು ಕೊಡಲು ಹೇಳಿರಿ. ಸಂಬಳ ಕೊಡುವವನು ಕೆಲಸ ಮಾಡಿಸಿಕೊಳ್ಳುವವನೋ, ನಡುವೆ ಇನ್ನೊಬ್ಬನೋ? ನಡುವೆ ಒಬ್ಬನಿದ್ದರೆ ಅವನ ಕಡಿತವೆಷ್ಟು? ವಸತಿ ಕೊಡುವೆನೆಂದರೆ ಅದಕ್ಕೆ ಸಂಬಳದಲ್ಲಿ ಎಷ್ಟು ಹಿಡಿಯುತ್ತಾನೆ?

ಅಲ್ಲಿ ಇಳಿದ ಮೇಲೆ ಮೂರು ಕಾಗದಗಳನ್ನು ಬಿಡಬೇಡಿರಿ. ಒಂದು, ಬಾಡಿಗೆ ಕರಾರು. 2020ರ ಜನವರಿ 1ರಿಂದ ಮಾಡುವ ಕರಾರುಗಳನ್ನು ಅಲ್ಲಿನ ವಸತಿ ಪ್ರಾಧಿಕಾರದಲ್ಲಿ ನೋಂದಾಯಿಸಲೇಬೇಕೆಂದು ಕಾನೂನಿದೆ. ಎರಡು, ಮನೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ವಿದ್ಯುತ್ತು ನೀರಿನ ಬಿಲ್ಲಿಗೆ ಬರೆಸುವ ನಮೂನೆ. ಅದಿಲ್ಲದಿದ್ದರೆ ಹೆಚ್ಚಿನ ದರ ಬೀಳುತ್ತದೆ. ಮೂರು, ತಿಂಗಳು ತಿಂಗಳೂ ಸಂಬಳ ಚೀಟಿ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರುಗಳಲ್ಲಿ ಕಾನೂನಿನಂತೆ ಬರಬೇಕಾದ ಬೋನಸು ಮತ್ತು ಭತ್ಯೆ ಸೇರಿ ಪೂರ್ಣಕಾಲದ ಕೆಲಸಗಾರನಿಗೆ ವರ್ಷಕ್ಕೆ ಸುಮಾರು 512 ಯೂರೋ. ಬೋನಸಿಗಾಗಿ ಗೇಟಿನ ಮುಂದೆ ಕುಳಿತು ಗೊತ್ತಿರುವ ನಮಗೆ ಇದನ್ನು ಕೇಳಿ ಪಡೆಯುವುದು ಹೊಸದೇನಲ್ಲ.

ಆ ಹುಡುಗ ಇನ್ನೂ ಹೊರಟಿಲ್ಲ. 5 ಲಕ್ಷದ ವಿವರ ಬರೆದು ಕೊಡೆಂದು ಅವನ ತಾಯಿ ಕೇಳಿದ ಮೇಲೆ ಏಜೆಂಟನ ಫೋನು ಅಪರೂಪವಾಗಿದೆಯಂತೆ. ಸರಿಯಾದ ದಾರಿ ಸಿಕ್ಕಿದರೆ ಅವನು ಹೋಗಲಿ, ಚೆನ್ನಾಗಿರಲಿ. ಆದರೆ ತಾಯಿಯ ಸರ, ತಂಗಿಯ ಓದು, ಅಪ್ಪನ ಗ್ರಾಚ್ಯುಟಿ ಇವನ್ನು ಅಡವಿಡುವ ಮೊದಲು ಮನೆಯವರೆಲ್ಲರೂ ಒಂದು ರಾತ್ರಿ ದೀಪದ ಮುಂದೆ ಕೂತು, ಕಾಗದದ ಎರಡೂ ಬದಿಯ ಲೆಕ್ಕ ಬರೆಯಿರಿ. ಒಂದು ಬದಿಗೆ ಬರುವುದು, ಇನ್ನೊಂದು ಬದಿಗೆ ಹೋಗುವುದು. ಉಳಿದದ್ದನ್ನು ಮಾತ್ರ ಸಂಬಳವೆಂದು ಕರೆಯಿರಿ.