ಮಗುವಿಗೆ ತಕ್ಕ ಶಾಲೆಯೋ, ಶಾಲೆಗೆ ತಕ್ಕ ಮಗುವೋ?

ಐದನೇ ತರಗತಿ ಮುಗಿಸುವ ಹಳ್ಳಿಯ ಮಗುವಿಗೆ ಇಂದು ಸರ್ಕಾರಿ ಶಾಲೆ ಎಂದರೆ ಒಂದೇ ಬಾಗಿಲಲ್ಲ. ಬಸವಕಲ್ಯಾಣ ತಾಲೂಕಿನ ಮೋರಖಂಡಿಯ ಪೋಷಕರನ್ನೇ ನೋಡಿ. ಅದೇ ತಾಲೂಕಿನ ನಾರಾಯಣಪುರದಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಿಗೂ ಅರ್ಜಿ ಹಾಕಬಹುದು. ಹಿಂದುಳಿದ ತಾಲೂಕುಗಳಿಗೆಂದೇ ಆರಂಭವಾದ ಆದರ್ಶ ವಿದ್ಯಾಲಯಗಳೂ ಇವೆ. ಆಯ್ಕೆಗಳು ಹೆಚ್ಚಿವೆ, ನಿಜ. ಆದರೆ ಆಯ್ಕೆ ಮಾಡುತ್ತಿರುವುದು ಪೋಷಕರಲ್ಲ, ಪ್ರವೇಶ ಪರೀಕ್ಷೆ.

ಎರಡು ಗಂಟೆಯ ಅಳತೆ

ನವೋದಯದ ಆರನೇ ತರಗತಿಯಲ್ಲಿ ಇಡೀ ಜಿಲ್ಲೆಗೆ ಗರಿಷ್ಠ 80 ಸೀಟು. ಶೇ 75ರಷ್ಟು ಗ್ರಾಮೀಣರಿಗೆ ಮೀಸಲು. 2 ಗಂಟೆಯಲ್ಲಿ 80 ಪ್ರಶ್ನೆ: ಮಾನಸಿಕ ಸಾಮರ್ಥ್ಯ, ಅಂಕಗಣಿತ, ಭಾಷೆ. ಮಗುವಿನ ಚುರುಕುತನವನ್ನು ಇದು ಅಳೆಯಬಲ್ಲದು. ಹತ್ತು ವರ್ಷದ ಮಗು ಮನೆ ಬಿಟ್ಟು ಇರಬಲ್ಲದೇ, ಮನೆಯಲ್ಲಿ ಓದಿಸುವವರಿದ್ದಾರೆಯೇ ಎಂಬುದನ್ನು ಅಳೆಯಲಾರದು.

ಭಾಷೆಯ ತೊಡಕು ಇನ್ನೂ ದೊಡ್ಡದು. ಈ ಗಡಿಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮನೆಮಾತುಗಳು. ಸರ್ಕಾರಿ ಪ್ರಾಥಮಿಕ ಶಾಲೆಗಳೂ ಮೂರು ಮಾಧ್ಯಮಗಳಲ್ಲಿವೆ. 2010-11ರಲ್ಲಿ ಕೇಂದ್ರದ ನೆರವಿನಿಂದ ರಾಜ್ಯದಲ್ಲಿ ಆರಂಭವಾದ 74 ಆದರ್ಶ ವಿದ್ಯಾಲಯಗಳಲ್ಲಿ ಆರನೇ ತರಗತಿಯಿಂದಲೇ ಆಂಗ್ಲ ಮಾಧ್ಯಮ. ಪರೀಕ್ಷೆ ಗೆದ್ದ ಮಗು ಜೂನ್‌ನಲ್ಲಿ ಒಮ್ಮೆಲೇ ಮತ್ತೊಂದು ಭಾಷೆಯಲ್ಲಿ ವಿಜ್ಞಾನ ಕಲಿಯಬೇಕು. ಅರ್ಹತೆಯನ್ನು ಕೇಳುವ ವ್ಯವಸ್ಥೆ, ಆ ಮಗು ಹೇಗೆ ಹೊಂದಿಕೊಳ್ಳುತ್ತದೆ ಎಂದು ಕೇಳುವುದಿಲ್ಲ.

ಇದರ ನಡುವೆ ನವೋದಯ, ಮೊರಾರ್ಜಿ ಪರೀಕ್ಷೆಗಳಿಗೆಂದೇ ಕೋಚಿಂಗ್ ಕೇಂದ್ರಗಳು ಹುಟ್ಟಿಕೊಂಡಿವೆ. ಶುಲ್ಕ ಕಟ್ಟಬಲ್ಲವರು ಮುಂದೆ ಸಾಗುತ್ತಾರೆ. ಕೂಲಿಕಾರರ ಮಗು ಅಲ್ಲೇ ಹಿಂದುಳಿಯುತ್ತದೆ. ವಸತಿ ಶಾಲೆಗಳಲ್ಲಿ ಕೆಲ ವಿಶೇಷ ವರ್ಗಗಳಿಗೆ ಪರೀಕ್ಷೆಯಿಲ್ಲದೆ ನೇರ ಪ್ರವೇಶವಿರುವುದು ಸಮಾಧಾನದ ಸಂಗತಿ.

ಅಮೆರಿಕದ ಅನುಭವ

ಅಮೆರಿಕದಲ್ಲಿ 1991ರಲ್ಲಿ ಮಿನ್ನೆಸೋಟ ರಾಜ್ಯ ಚಾರ್ಟರ್ ಶಾಲೆಗಳ ಕಾನೂನು ತಂದಿತು. ಹಣ ಸರ್ಕಾರದ್ದು, ಆಡಳಿತ ಸ್ವತಂತ್ರ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಸಾಮಾನ್ಯವಾಗಿ ಲಾಟರಿ. ಪ್ರತಿ ಮಗುವಿಗೂ ತಕ್ಕ ಶಾಲೆ ಸಿಗುತ್ತದೆ ಎಂಬುದು ಆ ವ್ಯವಸ್ಥೆಯ ಭರವಸೆ. ಆದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಕೇಂದ್ರದ 2009ರ ಅಧ್ಯಯನದಲ್ಲಿ, ಗಣಿತದಲ್ಲಿ ಸಾಮಾನ್ಯ ಶಾಲೆಗಳಿಗಿಂತ ಮೇಲಾಗಿದ್ದವು ಶೇ 17 ಚಾರ್ಟರ್ ಶಾಲೆಗಳು ಮಾತ್ರ. ಶೇ 37 ಕೆಳಗಿದ್ದವು. 2023ರ ವರದಿಯಲ್ಲಿ ಸರಾಸರಿ ಸುಧಾರಿಸಿತ್ತು. ಆಯ್ಕೆಯ ಹಕ್ಕೊಂದೇ ಹೊಂದಾಣಿಕೆಯನ್ನು ತರದು ಎಂಬುದು ಇದರ ಪಾಠ.

ಲಾಟರಿಯಿಂದ ಮತ್ತೊಂದು ಲಾಭವಿದೆ. ಸೀಟು ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಹೋಲಿಸಿ, ಶಾಲೆ ನಿಜಕ್ಕೂ ಏನು ಕೊಟ್ಟಿತೆಂದು ತಿಳಿಯಬಹುದು. ಜಾಣ ಮಕ್ಕಳನ್ನೇ ಆರಿಸಿಕೊಂಡ ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಹೊಗಳುವಾಗ, ಹಿರಿಮೆ ಬೋಧನೆಯದೋ ಜರಡಿಯದೋ ಎಂದು ಹೇಳುವುದು ಕಷ್ಟ.

ಕಾನೂನಿನ ಎರಡು ಮುಖ

ಶಿಕ್ಷಣ ಹಕ್ಕು ಕಾಯ್ದೆ, 2009ರ 13ನೇ ಕಲಂ ಮಕ್ಕಳನ್ನು ಜರಡಿ ಹಿಡಿದು ಸೇರಿಸಿಕೊಳ್ಳುವುದನ್ನು ನಿಷೇಧಿಸುತ್ತದೆ. ಆದರೆ ನವೋದಯದಂತಹ ಶಾಲೆಗಳನ್ನು ಅದೇ ಕಾಯ್ದೆ 'ನಿರ್ದಿಷ್ಟ ವರ್ಗ' ಎಂದು ಗುರುತಿಸಿದೆ. ಖಾಸಗಿ ಶಾಲೆಗೆ ಸಲ್ಲದ ಜರಡಿ ಸರ್ಕಾರಿ ಶಾಲೆಗೆ ಸಂದಿದೆ.

ಪರೀಕ್ಷೆ ಬೇಡವೇ ಬೇಡ ಎನ್ನುವುದು ಸುಲಭದ ಮಾತು. ಬಡ ಪ್ರತಿಭೆಗಳಿಗೆ ನವೋದಯ ತೆರೆದ ದಾರಿ ಸಣ್ಣದಲ್ಲ. ಆದರೂ ಕನಿಷ್ಠ ಅಂಕ ಪಡೆದವರ ನಡುವೆ ಒಂದಷ್ಟು ಸೀಟುಗಳನ್ನು ಲಾಟರಿಯಿಂದ ಹಂಚಬಹುದು. ಮಾಧ್ಯಮ ಬದಲಿಸುವ ಮಕ್ಕಳಿಗೆ ಮೊದಲ ವರ್ಷ ಭಾಷಾ ಸೇತುಬಂಧ ಕಡ್ಡಾಯವಾಗಬೇಕು. ನಡುವೆ ಶಾಲೆ ಬಿಟ್ಟವರ ಸಂಖ್ಯೆಯನ್ನು ಫಲಿತಾಂಶದ ಜೊತೆಗೇ ಪ್ರಕಟಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಹಳ್ಳಿಯಲ್ಲೇ ಉಳಿಯುವ ಬಹುಪಾಲು ಮಕ್ಕಳ ಪ್ರಶ್ನೆ. ಪ್ರತಿ ವರ್ಷ ತರಗತಿಯ ಚುರುಕಾದ ಒಂದಿಬ್ಬರು ಹೊರಟುಹೋದ ಮೇಲೆ ಊರಿನ ಶಾಲೆಗೆ ಶಿಕ್ಷಕರನ್ನೂ ಪ್ರಯೋಗಾಲಯವನ್ನೂ ಕೊಡದಿದ್ದರೆ, ಆಯ್ಕೆ ಎಂಬ ಮಾತು ಕೆಲವರ ಸೌಲಭ್ಯವಾಗಿಯೇ ಉಳಿಯುತ್ತದೆ.